ಹೆಬ್ರಾನ್‌ನಿಂದ ಸುದ್ದಿ ಬಂದ ವಾರ: ಒಂದು ಯಿಡ್ಡಿಷ್ ದಿನಪತ್ರಿಕೆಯ ಪ್ರಕರಣ

1929ರ ಆಗಸ್ಟ್ ತಿಂಗಳ ಕೊನೆ. ನ್ಯೂಯಾರ್ಕ್‌ನ ಯಹೂದಿ ಬಡಾವಣೆಗಳಲ್ಲಿ ಬೀದಿಬದಿಯ ಪತ್ರಿಕೆ ಮಾರುವವರು ಒಂದು ದಿನಪತ್ರಿಕೆಯನ್ನು ಮಾರುವುದಿಲ್ಲವೆಂದು ಪಟ್ಟು ಹಿಡಿದರು. ಜಾಹೀರಾತುದಾರರು ಹಿಂದೆ ಸರಿದರು. ಯಿಡ್ಡಿಷ್ ಬರಹಗಾರರ ಪೆರೆಟ್ಸ್ ಸಂಘ ಆ ಪತ್ರಿಕೆಯ ಪತ್ರಕರ್ತರನ್ನು ಹೊರಹಾಕಿತು. ಏಳು ವರ್ಷಗಳಿಂದ ಅದರ ಪುಟಗಳಲ್ಲಿ ಕವಿತೆ ಬರೆಯುತ್ತಿದ್ದವರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಪತ್ರಿಕೆಯ ಹೆಸರು ‘ಮೊರ್ಗನ್ ಫ್ರೈಹೈಟ್’. ಫ್ರೈಹೈಟ್ ಎಂದರೆ ಸ್ವಾತಂತ್ರ್ಯ. ಅದು ಅಮೆರಿಕದ ಕಮ್ಯುನಿಸ್ಟ್ ಪಕ್ಷದ ಯಿಡ್ಡಿಷ್ ಪತ್ರಿಕೆ. ಪ್ಯಾಲೆಸ್ಟೈನ್‌ನ ಹೆಬ್ರಾನ್ ಊರಿನಲ್ಲಿ ನಡೆದ ಯಹೂದಿಗಳ ಹತ್ಯೆಯ ಬಗ್ಗೆ ಅದು ಬರೆದ ರೀತಿಯೇ ಈ ಸಿಟ್ಟಿಗೆ ಕಾರಣ.

ಯಿಡ್ಡಿಷ್ ಪತ್ರಿಕೋದ್ಯಮಕ್ಕೂ ಎಡಪಂಥಕ್ಕೂ ಇದ್ದ ನಂಟನ್ನು ಅರಿಯಲು ದೊಡ್ಡ ಇತಿಹಾಸಗಳಿವೆ. ನಾನು ಈ ಒಂದೇ ಪತ್ರಿಕೆಯನ್ನು, ಅದರಲ್ಲೂ ಈ ಒಂದು ವಾರವನ್ನು ಹಿಡಿದುಕೊಂಡಿದ್ದೇನೆ. ಆ ವಾರ ಸುದ್ದಿಮನೆಯಲ್ಲಿ ಒಂದು ಅಭ್ಯಾಸ ಬೇರೂರಿತು. ಇಪ್ಪತ್ತು ವರ್ಷಗಳ ನಂತರ, ಈ ಭಾಷೆಯ ಅತ್ಯುತ್ತಮ ಲೇಖಕರು ಮಾಸ್ಕೋದಲ್ಲಿ ಒಬ್ಬೊಬ್ಬರಾಗಿ ಕಾಣೆಯಾದಾಗ ಪತ್ರಿಕೆಯ ಬಾಯಿ ಕಟ್ಟಿದ್ದು ಅದೇ ಅಭ್ಯಾಸ ಎಂಬುದು ನನ್ನ ದೃಢ ನಂಬಿಕೆ.

ಹಿನ್ನೆಲೆ

ಯಿಡ್ಡಿಷ್ ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಮೈಕಟ್ಟು ಜರ್ಮನ್ ಬಗೆಯದು, ಬರೆಯುವುದು ಹೀಬ್ರೂ ಅಕ್ಷರಗಳಲ್ಲಿ. ಹೀಬ್ರೂ ಮತ್ತು ಸ್ಲಾವಿಕ್ ಪದಗಳು ಅದರಲ್ಲಿ ಹಾಸುಹೊಕ್ಕಾಗಿವೆ. ಎರಡನೇ ಮಹಾಯುದ್ಧಕ್ಕೆ ಮೊದಲು ಅದನ್ನು ಆಡುತ್ತಿದ್ದವರು ಒಂದು ಕೋಟಿಗೂ ಹೆಚ್ಚು. ಓದಿದವರು ಅದನ್ನು ‘ಜಾರ್ಗನ್’ ಎಂದು ಹೀಯಾಳಿಸುತ್ತಿದ್ದರು. ಆಡುವವರು ‘ಮಾಮೆ ಲೋಶನ್’ ಎನ್ನುತ್ತಿದ್ದರು, ಅಂದರೆ ತಾಯ್ನುಡಿ.

ರಷ್ಯನ್ ಓದಿ ಬೆಳೆದ ಯಹೂದಿ ಕ್ರಾಂತಿಕಾರಿಗಳಿಗೆ ವಿಲ್ನಾದ (ಇಂದಿನ ವಿಲ್ನಿಯಸ್) ಬ್ರಷ್‌ಗೆ ಬಿರುಗೂದಲು ಹದಮಾಡುವ ಕಾರ್ಮಿಕನ ಜೊತೆ, ಮಿನ್‌ಸ್ಕ್‌ನ ದರ್ಜಿಯ ಜೊತೆ ಮಾತಾಡಲು ಬೇರೆ ದಾರಿ ಇರಲಿಲ್ಲ. ತಾವೇ ಬಿಟ್ಟುಬಂದಿದ್ದ ಮನೆಮಾತಿಗೆ ಅವರು ಮರಳಬೇಕಾಯಿತು. 1897ರಲ್ಲಿ ವಿಲ್ನಾದಲ್ಲಿ ಹುಟ್ಟಿದ ಯಹೂದಿ ಕಾರ್ಮಿಕರ ‘ಬುಂಡ್’ ಸಂಘಟನೆ ಯಿಡ್ಡಿಷನ್ನು ಕರಪತ್ರದ ಭಾಷೆಯಾಗಿ ಕೈಗೆತ್ತಿಕೊಂಡಿತು. ಮುಂದೆ ಆ ಭಾಷೆಯ ಹಕ್ಕೇ ಅದರ ಬೇಡಿಕೆಗಳಲ್ಲಿ ಒಂದಾಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ‘ಫೊರ್ವರ್ಟ್ಸ್’ ಶುರುವಾಗಿತ್ತು. ಸಮಾಜವಾದಿ ದಿನಪತ್ರಿಕೆ, ಸಂಪಾದಕ ಅಬ್ರಹಾಂ ಕಾಹಾನ್. 1912ರ ಹೊತ್ತಿಗೆ ಈಸ್ಟ್ ಬ್ರಾಡ್‌ವೇ ಬೀದಿಯಲ್ಲಿ ಅದು ಹತ್ತು ಮಹಡಿಯ ಕಟ್ಟಡ ಕಟ್ಟಿಸಿತು; ಮುಂಬಾಗಿಲ ಮೇಲೆ ಮಾರ್ಕ್ಸ್ ಮತ್ತು ಎಂಗೆಲ್ಸ್‌ರ ಉಬ್ಬುಶಿಲ್ಪ. ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಯುವವರ ಪತ್ರಿಕೆಯೊಂದು ಒಂದು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಅಂಥ ಕಟ್ಟಡದಲ್ಲಿ ಕುಳಿತಿತ್ತು.

ಕಾಹಾನ್‌ಗೆ ಯಿಡ್ಡಿಷ್ ಒಂದು ಸೇತುವೆ. ವಲಸೆ ಬಂದವರನ್ನು ಅಮೆರಿಕದ ದಡ ಸೇರಿಸಿದರೆ ಅದರ ಕೆಲಸ ಮುಗಿಯಿತು ಎಂಬ ನಿಲುವು. ಆದ್ದರಿಂದ ಬೀದಿಯಲ್ಲಿ ಕೇಳಿಬರುವ ಇಂಗ್ಲಿಷ್ ಪದಗಳನ್ನೆಲ್ಲ ಪತ್ರಿಕೆಯೊಳಕ್ಕೆ ಬಿಟ್ಟುಕೊಂಡ. ಅದು ಓದುಗರಿಗೆ ಹಿಡಿಸಿತು, ಕವಿಗಳಿಗೆ ಹಿಡಿಸಲಿಲ್ಲ. 1922ರ ಏಪ್ರಿಲ್ 2ರಂದು ಮೊಯಿಸ್ಸೇ ಓಲ್ಗಿನ್ ಮತ್ತು ಶಾಖ್ನೋ ಎಪ್‌ಸ್ಟೈನ್ ‘ಫ್ರೈಹೈಟ್’ ಆರಂಭಿಸಿದಾಗ ಅವರ ಜಗಳ ರಾಜಕೀಯಕ್ಕೆ ಸೀಮಿತವಾಗಿರಲಿಲ್ಲ. ಓಲ್ಗಿನ್ ಬುಂಡ್‌ನಲ್ಲಿ ಪಳಗಿದವರು, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು, ಫೊರ್ವರ್ಟ್ಸ್‌ಗೇ ಬರೆಯುತ್ತಿದ್ದವರು. ಕಾರ್ಮಿಕನಿಗೆ ಒಳ್ಳೆಯ ಭಾಷೆ, ಒಳ್ಳೆಯ ಕವಿತೆ ಕೊಡಬೇಕು. ಅವನ ರುಚಿಯನ್ನು ಕೀಳಾಗಿ ಎಣಿಸಬಾರದು ಎಂಬುದು ಹೊಸ ಪತ್ರಿಕೆಯ ಹಟವಾಗಿತ್ತು.

ಆ ಹಟ ಫಲ ಕೊಟ್ಟಿತು. ಮೊಯ್ಶೆ ಲೇಬ್ ಹಾಲ್ಪೆರ್ನ್, ಹ. ಲೇವಿಕ್, ಮೊಯ್ಶೆ ನಾದಿರ್, ಅವ್ರೊಂ ರೇಝೆನ್, ಮೆನಾಖೆಮ್ ಬೊರೈಶಾ ಇವರೆಲ್ಲ ಅದರಲ್ಲಿ ಬರೆದರು. ಲೇವಿಕ್ ಅವರ ಬದುಕನ್ನು ನೋಡಿದರೆ ಈ ಬರಹಗಾರರು ಪಕ್ಷದ ನೆರಳಿಗೆ ಏಕೆ ಬಂದರೆಂದು ತಿಳಿಯುತ್ತದೆ. ಬೆಲಾರೂಸ್‌ನ ಪುಟ್ಟ ಊರಿನವರು. ಬುಂಡ್ ಸದಸ್ಯರಾಗಿ ರಷ್ಯಾದ ದೊರೆ ತ್ಸಾರ್‌ನ ಜೈಲು ಕಂಡು, ಸೈಬೀರಿಯಾಕ್ಕೆ ಗಡೀಪಾರಾಗಿ, ಅಲ್ಲಿಂದ ತಪ್ಪಿಸಿಕೊಂಡು 1913ರಲ್ಲಿ ಅಮೆರಿಕ ಸೇರಿದರು. ‘ಗೋಲೆಮ್’ ನಾಟಕ ಬರೆದ ಈ ಕವಿ ಹೊಟ್ಟೆಪಾಡಿಗೆ ಮನೆಗಳ ಗೋಡೆಗೆ ಕಾಗದ ಅಂಟಿಸುತ್ತಿದ್ದರು. ಅವರಿಗೆ ಕ್ರಾಂತಿ ಪುಸ್ತಕದ ವಿಷಯವಾಗಿರಲಿಲ್ಲ. ಕಾಲಿಗೆ ಬಿದ್ದ ಸಂಕೋಲೆಯ ನೆನಪಾಗಿತ್ತು.

ಬರ್ಲಿನ್‌ನಲ್ಲಿದ್ದ ದಾವಿದ್ ಬೆರ್ಗೆಲ್ಸನ್ ಅವರನ್ನೂ ಇಲ್ಲೇ ಹೆಸರಿಸಬೇಕು. ಯಿಡ್ಡಿಷ್ ಗದ್ಯದಲ್ಲಿ ಅವರಷ್ಟು ನಯವಾಗಿ ಬರೆದವರು ಕಡಿಮೆ. ಫೊರ್ವರ್ಟ್ಸ್‌ಗೆ ಕತೆ ಕಳಿಸುತ್ತಿದ್ದ ಅವರು 1926ರಲ್ಲಿ ಅದನ್ನು ಬಿಟ್ಟು ಫ್ರೈಹೈಟ್ ಕಡೆಗೆ ಬಂದರು. ಯಿಡ್ಡಿಷ್‌ನ ಭವಿಷ್ಯ ಸೋವಿಯತ್ ಒಕ್ಕೂಟದಲ್ಲಿದೆ ಎಂದು ಅವರಿಗೆ ಅನ್ನಿಸಿತ್ತು. ಅನ್ನಿಸಲು ಕಾರಣಗಳೂ ಇದ್ದವು: ಅಲ್ಲಿ ಸರ್ಕಾರದ ಖರ್ಚಿನಲ್ಲೇ ಯಿಡ್ಡಿಷ್ ಶಾಲೆಗಳು, ನಾಟಕಶಾಲೆಗಳು, ಪ್ರಕಾಶನಗಳು ನಡೆಯುತ್ತಿದ್ದವು. ಯಾವ ದೇಶವೂ ಈ ಭಾಷೆಗೆ ಅಷ್ಟು ಕೊಟ್ಟಿರಲಿಲ್ಲ.

ಆ ವಾರ

ಜೆರುಸಲೇಮ್‌ನ ಪಶ್ಚಿಮ ಗೋಡೆಯ ಬಳಿಯ ಪ್ರಾರ್ಥನೆಯ ಹಕ್ಕಿನ ಬಗ್ಗೆ ತಿಂಗಳುಗಟ್ಟಲೆ ಕುದಿಯುತ್ತಿದ್ದ ಜಗಳ 1929ರ ಆಗಸ್ಟ್ 23ರ ಶುಕ್ರವಾರ ರಕ್ತಪಾತವಾಯಿತು. ಮರುದಿನ, ಯಹೂದಿಗಳ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಬೆಳಿಗ್ಗೆ, ಹೆಬ್ರಾನ್‌ನಲ್ಲಿ ಗುಂಪುಗಳು ಮನೆಮನೆಗೆ ನುಗ್ಗಿ 67 ಯಹೂದಿಗಳನ್ನು ಕೊಂದವು. ಆಗ ಬ್ರಿಟಿಷರು ಆಳುತ್ತಿದ್ದ ಇಡೀ ಪ್ಯಾಲೆಸ್ಟೈನ್‌ನಲ್ಲಿ ಆ ವಾರದ ಲೆಕ್ಕ: ಸತ್ತ ಯಹೂದಿಗಳು 133, ಅರಬ್ಬರು 116. ಸತ್ತ ಅರಬ್ಬರಲ್ಲಿ ಹೆಚ್ಚಿನವರು ಬ್ರಿಟಿಷ್ ಪೊಲೀಸರ ಮತ್ತು ಸೈನಿಕರ ಗುಂಡಿಗೆ ಬಲಿಯಾದವರು.

ಹೆಬ್ರಾನ್‌ನ ಯಹೂದಿಗಳು ಯಾರು ಎಂಬುದು ಈ ಪ್ರಕರಣದ ತಿರುಳು. ಅಲ್ಲಿ ಶತಮಾನಗಳಿಂದ ನೆಲೆಸಿದ್ದ ಧಾರ್ಮಿಕ ಕುಟುಂಬಗಳಿದ್ದವು. ಐದು ವರ್ಷಗಳ ಹಿಂದೆ ಲಿಥುವೇನಿಯಾದಿಂದ ಬಂದಿದ್ದ ಸ್ಲೊಬೊಡ್ಕಾ ಧರ್ಮಪಾಠಶಾಲೆಯ ವಿದ್ಯಾರ್ಥಿಗಳಿದ್ದರು. ಅವರಲ್ಲಿ ಅಮೆರಿಕದಿಂದ ಹೋದ ಹುಡುಗರೂ ಇದ್ದರು. ನೆಲ ಕೊಂಡು ಹೊಸ ರಾಷ್ಟ್ರ ಕಟ್ಟಲು ಹೊರಟ ವಸಾಹತುಗಾರರ ಊರು ಅದಾಗಿರಲಿಲ್ಲ. ಎಷ್ಟೋ ಯಹೂದಿಗಳನ್ನು ಅರಬ್ ನೆರೆಯವರೇ ಮನೆಯೊಳಗೆ ಬಚ್ಚಿಟ್ಟು ಉಳಿಸಿದರು ಎಂಬುದೂ ಅಷ್ಟೇ ಸತ್ಯ.

ತಂತಿ ಸುದ್ದಿ ಬಂದಾಗ ಫ್ರೈಹೈಟ್ ಸುದ್ದಿಮನೆಯ ಮೊದಲ ಪ್ರತಿಕ್ರಿಯೆ ಸಹಜವಾಗಿತ್ತು. ಅದು ಇದನ್ನು ಪೊಗ್ರೋಂ ಎಂದು ಕರೆಯಿತು. ಗುಂಪು ಕೂಡಿ ಯಹೂದಿಗಳನ್ನು ಕೊಂದು ದೋಚುವುದಕ್ಕೆ ರಷ್ಯಾದ ಕಾಲದಿಂದ ಇದ್ದ ಹೆಸರು ಅದು. ಅಲ್ಲಿ ಕೆಲಸ ಮಾಡುತ್ತಿದ್ದವರಲ್ಲಿ ಎಷ್ಟೋ ಜನ ಅಂಥ ಹತ್ಯೆಗಳ ನಾಡಿನಿಂದಲೇ ಓಡಿಬಂದವರು. ಆ ಪದವನ್ನು ಅವರು ನಿಘಂಟಿನಲ್ಲಿ ಹುಡುಕಬೇಕಿರಲಿಲ್ಲ. ಹಾಗೆಂದು ಪತ್ರಿಕೆ ತನ್ನ ರಾಜಕೀಯವನ್ನು ಬಿಟ್ಟಿರಲಿಲ್ಲ. ಎರಡು ಜನಾಂಗಗಳನ್ನು ಕಾದಾಡಲು ಬಿಟ್ಟ ಬ್ರಿಟಿಷ್ ಆಡಳಿತವನ್ನೂ, ಪ್ಯಾಲೆಸ್ಟೈನ್‌ನಲ್ಲಿ ಯಹೂದಿಗಳ ರಾಷ್ಟ್ರ ಕಟ್ಟಲು ಹೊರಟ ಜಿಯೋನಿಸ್ಟ್ ನಾಯಕರನ್ನೂ ಅದು ದೂರಿತ್ತು.

ಆ ನಿಲುವು ಕೆಲವೇ ದಿನ ಬಾಳಿತು. ಇದು ಸಾಮ್ರಾಜ್ಯಶಾಹಿಯ ವಿರುದ್ಧ ಅರಬ್ ಜನತೆಯ ದಂಗೆ, ಹಾಗೆಂದೇ ಬರೆಯಬೇಕು ಎಂದು ಪಕ್ಷದ ನಾಯಕತ್ವ ಪತ್ರಿಕೆಯನ್ನು ತರಾಟೆಗೆ ತೆಗೆದುಕೊಂಡಿತು. ಮಾಸ್ಕೋದಿಂದ ನಡೆಯುತ್ತಿದ್ದ ಕಮ್ಯುನಿಸ್ಟ್ ಅಂತರರಾಷ್ಟ್ರೀಯ ಸಂಘಟನೆಯ ನಿಲುವೂ ಅದೇ ಆಗಿತ್ತು. ಪ್ಯಾಲೆಸ್ಟೈನ್‌ನ ಕಮ್ಯುನಿಸ್ಟರೇ ಮೊದಲು ಪೊಗ್ರೋಂ ಎಂದಿದ್ದರು. ಅವರೂ ಬೈಗುಳ ತಿಂದು ತಿದ್ದಿಕೊಂಡರು. ನ್ಯೂಯಾರ್ಕ್‌ನಲ್ಲಿ ಫ್ರೈಹೈಟ್ ರಾತ್ರೋರಾತ್ರಿ ಎನ್ನುವಂತೆ ಮಾತು ಬದಲಿಸಿತು.

ಇಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆಯಾಗಿಯೇ ನೋಡಬೇಕು ಎನಿಸುತ್ತದೆ. ಬ್ರಿಟಿಷ್ ಆಳ್ವಿಕೆಯಲ್ಲಿ ಅರಬ್ ರೈತರ ಸಂಕಟ ನಿಜವಾದದ್ದು. ನೆಲ ಕೈತಪ್ಪುವ ಭಯ ಕಲ್ಪಿತವಲ್ಲ. ಅದನ್ನು ಯಿಡ್ಡಿಷ್ ಓದುಗರಿಗೆ ಹೇಳುವ ಪತ್ರಿಕೆಯೊಂದು ಇದ್ದದ್ದು ಒಳ್ಳೆಯದೇ. ಬೇರೆ ಯಿಡ್ಡಿಷ್ ದಿನಪತ್ರಿಕೆಗಳು ಅದನ್ನು ಅಷ್ಟಾಗಿ ಹೇಳಲಿಲ್ಲ. ಆದರೆ ಅದನ್ನು ಹೇಳಲು ಸತ್ತ ವಿದ್ಯಾರ್ಥಿಗಳ ಹೆಣಗಳನ್ನು ಪುಟದಿಂದ ಹೊರಗೆ ಹಾಕಬೇಕಿರಲಿಲ್ಲ. ಪತ್ರಿಕೆಯ ಮೊದಲ ದಿನಗಳ ಬರಹದಲ್ಲಿ ಎರಡಕ್ಕೂ ಜಾಗವಿತ್ತು. ಬರಹಗಾರರ ಕೈಯಲ್ಲಿ ಸರಿಯಾದ ಮಾತು ಇತ್ತು, ಅದನ್ನು ಅವರು ಅಚ್ಚು ಹಾಕಿಯೂ ಇದ್ದರು. ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ತಿಳಿಯದೆ ಮಾಡಿದ ತಪ್ಪಿಗಿಂತ ಇದು ಭಾರವಾದದ್ದು.

ಹೋದವರು, ಉಳಿದವರು

ಲೇವಿಕ್, ರೇಝೆನ್, ಬೊರೈಶಾ ಹೊರಟುಹೋದರು. ಹೊರಬಂದವರು ‘ವೋಖ್’, ಅಂದರೆ ವಾರ, ಎಂಬ ಹೆಸರಿನ ಪತ್ರಿಕೆ ಆರಂಭಿಸಿದರು. ಅದು ಬಹಳ ದಿನ ಬಾಳಲಿಲ್ಲ. ಅದೇ ಶರತ್ಕಾಲದಲ್ಲಿ ಉಳಿದವರು ಮತ್ತು ಹೊಸದಾಗಿ ಬರೆಯತೊಡಗಿದ್ದ ಕಿರಿಯರು ಸೇರಿ ‘ಪ್ರೊಲೆಟ್‌ಪೆನ್’ ಎಂಬ ಕಾರ್ಮಿಕ ಲೇಖಕರ ಸಂಘ ಕಟ್ಟಿದರು. ಮಾಲ್ಕಾ ಲೀ, ಮೆಂಕೆ ಕಾಟ್ಸ್, ಆರನ್ ಕುರ್ಟ್ಸ್, ಅಲೆಕ್ಸಾಂಡರ್ ಪೊಮೆರಾಂಟ್ಸ್ ಅದರ ಬಳಗದವರು. ಯಿಡ್ಡಿಷ್ ಸಾಹಿತ್ಯ ಚರಿತ್ರೆಗಳು ಇವರನ್ನು ಬಹುಕಾಲ ಕಡೆಗಣಿಸಿದವು. ಅದು ಅನ್ಯಾಯ. ಮೆಂಕೆ ಕಾಟ್ಸ್ ತನ್ನ ಹಳ್ಳಿಯ ಹಸಿವಿನ ಬಗ್ಗೆ, ಸತ್ತವರ ಬಗ್ಗೆ ಬರೆದಾಗ, ಇದರಲ್ಲಿ ಹೋರಾಟದ ಹುರುಪಿಲ್ಲ ಎಂದು ಸ್ವಂತ ಬಳಗದ ವಿಮರ್ಶಕರಿಂದಲೇ ಏಟು ತಿಂದರು. ಏನನ್ನು ಅನುಭವಿಸಬಹುದು ಎಂಬುದಕ್ಕೂ ಒಪ್ಪಿಗೆ ಬೇಕಾಗುವ ಸ್ಥಿತಿ ಹೆಬ್ರಾನ್ ಸುದ್ದಿಯಿಂದ ಕವಿತೆಗೆ ಬಂದು ತಲುಪಿತ್ತು.

ಪತ್ರಿಕೆ ಮುಳುಗಲಿಲ್ಲ. ಬಹಿಷ್ಕಾರ ಕ್ರಮೇಣ ಸಡಿಲವಾಯಿತು. ಅದೇ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿದು, ಕಾರ್ಖಾನೆಗಳು ಮುಚ್ಚಿ, ಕೆಲಸ ಕಳೆದುಕೊಂಡವರು ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದಾಗ ಅವರ ಪರವಾಗಿ ನಿಂತವರಲ್ಲಿ ಈ ಪತ್ರಿಕೆಯೂ ಸೇರಿತ್ತು. ಅದು ಉಳಿದದ್ದಕ್ಕೆ ಇನ್ನೊಂದು ಕಾರಣ, ಅದರ ಸುತ್ತ ಒಂದು ಇಡೀ ಬದುಕು ಬೆಳೆದಿತ್ತು. ಯಾಕೋಬ್ ಶೇಫರ್ ನಡೆಸುತ್ತಿದ್ದ ಫ್ರೈಹೈಟ್ ಗಾಯನವೃಂದದಲ್ಲಿ ಹಗಲಿಡೀ ಹೊಲಿಗೆ ಯಂತ್ರ ತುಳಿದವರು ಸಂಜೆ ಹಾಡುತ್ತಿದ್ದರು. ‘ಆರ್ಟೆಫ್’ ನಾಟಕ ತಂಡವಿತ್ತು. ಬ್ರಾಂಕ್ಸ್‌ನಲ್ಲಿ ಕಾರ್ಮಿಕರೇ ಸಹಕಾರಿ ಪದ್ಧತಿಯಲ್ಲಿ ಕಟ್ಟಿಕೊಂಡ ವಸತಿ ಸಮುಚ್ಚಯವಿತ್ತು. ಮಕ್ಕಳಿಗೆ ಬೇಸಿಗೆಯಲ್ಲಿ ಕಿಂಡರ್‌ಲಾಂಡ್ ಶಿಬಿರ, ಶಾಲೆ ಬಿಟ್ಟ ಮೇಲೆ ಯಿಡ್ಡಿಷ್ ಪಾಠ. 1930ರಲ್ಲಿ ಹುಟ್ಟಿದ ‘ಅಂತರರಾಷ್ಟ್ರೀಯ ಕಾರ್ಮಿಕರ ಸಂಘ’ ಅಗ್ಗದ ವಿಮೆ ಕೊಡುತ್ತಿತ್ತು, ಅದರ ಯಹೂದಿ ವಿಭಾಗ ಶಾಲೆಗಳನ್ನು ನಡೆಸುತ್ತಿತ್ತು. ಓದುಗನಿಗೆ ಇದು ಪತ್ರಿಕೆಯ ಜೊತೆಗೆ ನೆರೆಹೊರೆ, ಹಾಡು, ಮಕ್ಕಳ ಶಾಲೆ, ಸತ್ತರೆ ಮಣ್ಣುಮಾಡುವ ವ್ಯವಸ್ಥೆ ಎಲ್ಲವೂ ಆಗಿತ್ತು. ಅದನ್ನು ಬಿಡುವುದೆಂದರೆ ಊರು ಬಿಟ್ಟಂತೆ. ಪಕ್ಷದ ಮಾತು ಒಪ್ಪಿಗೆಯಾಗದಿದ್ದರೂ ಸಾವಿರಾರು ಜನ ಉಳಿದದ್ದು ಏಕೆಂದು ಕೇಳುವವರು ಇದನ್ನು ಮರೆಯಬಾರದು.

ಪ್ಯಾಲೆಸ್ಟೈನ್‌ನ ಆ ಗಲಭೆ ಶುರುವಾಗಿ ದಿನಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದಾಗ, 1939ರ ಆಗಸ್ಟ್ 23ರಂದು, ಮಾಸ್ಕೋದಲ್ಲಿ ಹಿಟ್ಲರನ ಸರ್ಕಾರದ ಜೊತೆ ಅನಾಕ್ರಮಣ ಒಪ್ಪಂದಕ್ಕೆ ಸಹಿ ಬಿತ್ತು. ಪತ್ರಿಕೆ ಅದನ್ನೂ ಸಮರ್ಥಿಸಿತು. ಈ ಸಲ ಹೊರಟವರು 1929ರಲ್ಲಿ ಉಳಿದಿದ್ದವರು: ಮೊಯ್ಶೆ ನಾದಿರ್, ಸಂಪಾದಕವರ್ಗದ ಮೆಲೆಖ್ ಎಪ್‌ಸ್ಟೈನ್. ಫ್ಯಾಸಿಸಂ ವಿರುದ್ಧದ ಒಗ್ಗಟ್ಟಿಗಾಗಿ 1937ರಲ್ಲಿ ಪ್ಯಾರಿಸ್‌ನ ಯಿಡ್ಡಿಷ್ ಸಂಸ್ಕೃತಿ ಸಮ್ಮೇಳನದಲ್ಲಿ ಮತ್ತೆ ಎಡಪಂಥೀಯರ ಜೊತೆ ಕೈಜೋಡಿಸಿದ್ದ ಲೇವಿಕ್ ಎರಡನೇ ಸಲ ದೂರವಾದರು. ಓಲ್ಗಿನ್ ಆ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು. ಸಂಪಾದಕ ಸ್ಥಾನಕ್ಕೆ ಬಂದವರು ಪಾಲ್ ನೋವಿಕ್.

ಮೌನ

ಜರ್ಮನಿ ಸೋವಿಯತ್ ನೆಲದ ಮೇಲೆ ದಾಳಿ ಮಾಡಿದ ಮೇಲೆ ಎಲ್ಲರ ಮುನಿಸೂ ಸ್ವಲ್ಪ ಕಾಲ ಕರಗಿತು. 1942ರಲ್ಲಿ ಮಾಸ್ಕೋದಲ್ಲಿ ಯಹೂದಿ ಫ್ಯಾಸಿಸ್ಟ್-ವಿರೋಧಿ ಸಮಿತಿ ರಚನೆಯಾಯಿತು. ಮರುವರ್ಷ ನಟ ಸೊಲೊಮೋನ್ ಮಿಖೋಯೆಲ್ಸ್ ಮತ್ತು ಕವಿ ಇಟ್ಸಿಕ್ ಫೆಫರ್ ಅಮೆರಿಕಕ್ಕೆ ಬಂದಾಗ ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಕ್ರೀಡಾಂಗಣದಲ್ಲಿ ಸುಮಾರು 50,000 ಜನ ಸೇರಿದರು. ಅಷ್ಟು ಜನ ಯಹೂದಿಗಳು ಸೋವಿಯತ್ ಬರಹಗಾರನೊಬ್ಬನ ಯಿಡ್ಡಿಷ್ ಕೇಳಲು ನೆರೆದದ್ದನ್ನು ಕಂಡ ಫ್ರೈಹೈಟ್ ಓದುಗನಿಗೆ, ಇಷ್ಟು ವರ್ಷ ತಾನು ನಂಬಿದ್ದು ಸುಳ್ಳಾಗಲಿಲ್ಲ ಎನಿಸಿದ್ದರೆ ಅಚ್ಚರಿಯಿಲ್ಲ.

1948ರ ಜನವರಿಯಲ್ಲಿ ಮಿಖೋಯೆಲ್ಸ್ ಮಿನ್‌ಸ್ಕ್‌ನಲ್ಲಿ ಸತ್ತರು. ವಾಹನ ಅಪಘಾತ ಎಂದರು; ಸ್ಟಾಲಿನ್‌ನ ಆಜ್ಞೆಯಂತೆ ನಡೆದ ಕೊಲೆ ಎಂಬುದು ಆಮೇಲೆ ಹೊರಬಂತು. ಅದೇ ನವೆಂಬರ್‌ನಲ್ಲಿ ಸಮಿತಿಯನ್ನು ಮುಚ್ಚಿದರು, ಅದರ ಪತ್ರಿಕೆ ‘ಐನಿಕೈಟ್’ ನಿಂತಿತು, ‘ಎಮೆಸ್’ ಪ್ರಕಾಶನದ ಬಾಗಿಲಿಗೆ ಬೀಗ ಬಿತ್ತು. ಲೇಖಕರ ಬಂಧನ ಶುರುವಾಯಿತು. ಮಾಸ್ಕೋದಿಂದ ಬರುತ್ತಿದ್ದ ಕವಿತೆ, ಕತೆ, ಕಾಗದ ಎಲ್ಲವೂ ಒಮ್ಮೆಲೇ ನಿಂತವು.

ಒಂದು ಯಿಡ್ಡಿಷ್ ಸುದ್ದಿಮನೆಗೆ ಇದರ ಅರ್ಥವಾಗಲು ಗೂಢಚಾರರು ಬೇಕಿರಲಿಲ್ಲ. ಅಂಚೆಯವನ ಚೀಲ ಸಾಕಾಗಿತ್ತು. ನೋವಿಕ್ 1946ರಿಂದ 47ರ ನಡುವೆ ಸೋವಿಯತ್ ಒಕ್ಕೂಟಕ್ಕೆ ಹೋಗಿ ಬಂದಿದ್ದವರು. ಅಲ್ಲಿನ ಯಿಡ್ಡಿಷ್ ಲೋಕ ಅವರಿಗೆ ಕಂಡು ಗೊತ್ತಿತ್ತು. ‘ನಮ್ಮ ಲೇಖಕರು ಎಲ್ಲಿ?’ ಎಂದು ಫೊರ್ವರ್ಟ್ಸ್ ಮತ್ತಿತರರು ಕೇಳಿದಾಗ, ಇದೆಲ್ಲ ಶೀತಲ ಸಮರದ ಅಪಪ್ರಚಾರ ಎಂಬುದೇ ಫ್ರೈಹೈಟ್ ಪಾಳಯದ ಉತ್ತರವಾಗಿತ್ತು.

ಆ ಉತ್ತರಕ್ಕೆ ಸಂದರ್ಭದ ಒತ್ತಡವೂ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅದು ಅಮೆರಿಕದಲ್ಲಿ ಕಮ್ಯುನಿಸ್ಟರನ್ನು ಬೇಟೆಯಾಡಿದ ಸೆನೆಟರ್ ಮೆಕಾರ್ಥಿಯ ಕಾಲ. ನ್ಯೂಯಾರ್ಕ್ ರಾಜ್ಯದ ವಿಮಾ ಇಲಾಖೆ ಅಂತರರಾಷ್ಟ್ರೀಯ ಕಾರ್ಮಿಕರ ಸಂಘವನ್ನು ಮುಚ್ಚಿಸಲು ನಿಂತಿತ್ತು, ಮುಚ್ಚಿಸಿಯೂ ಬಿಟ್ಟಿತು. 1953ರ ಜೂನ್‌ನಲ್ಲಿ, ಸೋವಿಯತ್ ಪರ ಗೂಢಚರ್ಯೆಯ ಆರೋಪದ ಮೇಲೆ, ಯಹೂದಿಗಳಾದ ರೋಸೆನ್‌ಬರ್ಗ್ ದಂಪತಿಯನ್ನು ವಿದ್ಯುತ್ ಕುರ್ಚಿಗೆ ಕೂರಿಸಿದರು. ಈ ಹೊತ್ತಿನಲ್ಲಿ ಸೋವಿಯತ್ ವಿರುದ್ಧ ಮಾತಾಡಿದರೆ ನಮ್ಮನ್ನು ಬೇಟೆಯಾಡುವವರ ಕೈಗೆ ಕೋಲು ಕೊಟ್ಟಂತೆ ಎಂಬ ಭಯ ಹುಸಿಯಾಗಿರಲಿಲ್ಲ. ಆದರೂ ಆ ಭಯ ಕಾಣೆಯಾದವರ ಹೆಸರನ್ನು ಒಮ್ಮೆ ಅಚ್ಚು ಹಾಕಿ ‘ಇವರು ಎಲ್ಲಿ?’ ಎಂದು ಕೇಳುವುದಕ್ಕೂ ಅಡ್ಡ ಬಂದದ್ದನ್ನು ನಾನು ಒಪ್ಪಲಾರೆ. ಹೆಬ್ರಾನ್ ವಾರದಲ್ಲಿ ಪತ್ರಿಕೆ ಅಷ್ಟನ್ನಾದರೂ ಮೊದಲು ಮಾಡಿ ಆಮೇಲೆ ಹಿಂಜರಿದಿತ್ತು. ಈಗ ಮೊದಲ ಪ್ರತಿಕ್ರಿಯೆಯೂ ಉಳಿದಿರಲಿಲ್ಲ.

ಎಡಪಂಥದ ಗೆಳೆಯರಾಗಿದ್ದ ಅಮೆರಿಕದ ಗಾಯಕ ಪಾಲ್ ರೋಬ್‌ಸನ್ 1949ರ ಜೂನ್‌ನಲ್ಲಿ ಮಾಸ್ಕೋಗೆ ಹೋದಾಗ ಫೆಫರ್‌ನನ್ನು ನೋಡಬೇಕೆಂದು ಕೇಳಿದರು. ಸೆರೆಯಲ್ಲಿದ್ದ ಕವಿಯನ್ನು ಅವರ ಮುಂದೆ ತಂದರು. ಆ ಸಲದ ಸಂಗೀತ ಕಛೇರಿಯಲ್ಲಿ ರೋಬ್‌ಸನ್, ನಾತ್ಸಿಗಳ ವಿರುದ್ಧ ಯಹೂದಿಗಳು ಎದ್ದ ವಾರ್ಸಾ ಗೆಟ್ಟೋ ದಂಗೆಯನ್ನು ನೆನೆದು, ಯಹೂದಿ ಗೆರಿಲ್ಲಾಗಳ ಹಾಡನ್ನು ಯಿಡ್ಡಿಷ್‌ನಲ್ಲಿ ಹಾಡಿದರು. ಅಮೆರಿಕಕ್ಕೆ ಮರಳಿದ ಮೇಲೆ ಈ ಬಗ್ಗೆ ಬಹಿರಂಗವಾಗಿ ಅವರೂ ಏನೂ ಹೇಳಲಿಲ್ಲ.

1952ರ ಆಗಸ್ಟ್ 12ರ ರಾತ್ರಿ ಮಾಸ್ಕೋದಲ್ಲಿ, ಹಾಗೆ ಬಂಧಿತರಾಗಿ ಮರಣದಂಡನೆಗೆ ಗುರಿಯಾಗಿದ್ದ 13 ಜನರನ್ನು ಗುಂಡಿಟ್ಟು ಕೊಂದರು. ಪೆರೆಟ್ಸ್ ಮಾರ್ಕಿಶ್, ಲೇಬ್ ಕ್ವಿಟ್ಕೊ, ದಾವಿದ್ ಹೋಫ್‌ಶ್ಟೈನ್, ಇಟ್ಸಿಕ್ ಫೆಫರ್ ಅವರಲ್ಲಿದ್ದರು. ದಾವಿದ್ ಬೆರ್ಗೆಲ್ಸನ್ ಕೂಡ ಇದ್ದರು. ಅಂದು ಅವರ 68ನೇ ಹುಟ್ಟುಹಬ್ಬ. 1926ರಲ್ಲಿ ಫೊರ್ವರ್ಟ್ಸ್ ಬಿಟ್ಟು, ಯಿಡ್ಡಿಷ್ ಬದುಕುವುದು ಅಲ್ಲೇ ಎಂದು ನಂಬಿ, ಫ್ರೈಹೈಟ್ ಕೈ ಹಿಡಿದಿದ್ದ ಅದೇ ಬೆರ್ಗೆಲ್ಸನ್.

ಬಾಯಿ ಬಿಟ್ಟ ಮೇಲೆ

1955ರ ನವೆಂಬರ್‌ನಲ್ಲಿ ಸೋವಿಯತ್ ನ್ಯಾಯಾಲಯವೇ ತೀರ್ಪನ್ನು ರದ್ದು ಮಾಡಿ ಅವರನ್ನು ನಿರಪರಾಧಿಗಳೆಂದಿತು. ಅದನ್ನು ಜಗತ್ತಿಗೆ ಸಾರಲಿಲ್ಲ. 1956ರ ಫೆಬ್ರವರಿಯಲ್ಲಿ ಸ್ಟಾಲಿನ್ ನಂತರದ ಸೋವಿಯತ್ ನಾಯಕ ಕ್ರುಶ್ಚೇವ್ ಮಾಡಿದ ರಹಸ್ಯ ಭಾಷಣದಲ್ಲಿ ಸ್ಟಾಲಿನ್‌ನ ಅಪರಾಧಗಳ ಪಟ್ಟಿಯಿತ್ತು, ಯಿಡ್ಡಿಷ್ ಲೇಖಕರ ಸುಳಿವಿರಲಿಲ್ಲ. ಮಾರ್ಚ್‌ನಲ್ಲಿ ಹತ್ಯೆಯ ಸುದ್ದಿಯನ್ನು ಫೊರ್ವರ್ಟ್ಸ್ ಪ್ರಕಟಿಸಿತು. ಏಪ್ರಿಲ್ 4ರಂದು ವಾರ್ಸಾದ ಕಮ್ಯುನಿಸ್ಟ್ ಯಿಡ್ಡಿಷ್ ಪತ್ರಿಕೆ ‘ಫೋಕ್ಸ್-ಶ್ಟಿಮೆ’ಯಲ್ಲಿ ‘ನಮ್ಮ ನೋವು, ನಮ್ಮ ಸಾಂತ್ವನ’ ಎಂಬ ಸಂಪಾದಕೀಯ ಬಂತು. ಅದರಲ್ಲಿ ಲೇಖಕರ ಹೆಸರುಗಳಿದ್ದವು.

ಫ್ರೈಹೈಟ್ ಅದನ್ನು ಮರುಮುದ್ರಿಸಿತು. ಬಂಡವಾಳಶಾಹಿಗಳ ಸುಳ್ಳೆಂದು ಎಂಟು ವರ್ಷ ತಳ್ಳಿಹಾಕಿದ್ದನ್ನು ಈಗ ತಮ್ಮದೇ ಪತ್ರಿಕೆಯಲ್ಲಿ, ತಮ್ಮದೇ ಅಕ್ಷರಗಳಲ್ಲಿ ಓದುಗರು ಓದಿದರು. ಸತ್ತವರನ್ನು ಅವರು ಬಲ್ಲರು. ಕ್ವಿಟ್ಕೊನ ಮಕ್ಕಳ ಪದ್ಯಗಳು, ಫೆಫರ್‌ನ ಸಾಲುಗಳು ಅವರ ಮನೆಯ ಮಾತಾಗಿದ್ದವು. ಎಷ್ಟೋ ಜನ ಪಕ್ಷ ತೊರೆದರು, ಪತ್ರಿಕೆಯನ್ನು ತೊರೆದವರೂ ಇದ್ದರು.

ನೋವಿಕ್ ಉಳಿದರು. ಆಮೇಲಿನ ಅವರ ಬದುಕು ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ ಭಾಗ. ಅವರಿಗೆ ಆಗ ಅರವತ್ತೈದರ ಹತ್ತಿರ. ಆ ವಯಸ್ಸಿನಲ್ಲಿ ಅವರು ನಿಧಾನವಾಗಿ, ಒಂದೊಂದೇ ಹೆಜ್ಜೆ ಇಡುತ್ತ, ತಮ್ಮ ಪತ್ರಿಕೆಗೆ ಮತ್ತೆ ಸ್ವಂತ ಬಾಯಿ ಕೊಟ್ಟರು. 1963ರಲ್ಲಿ ಉಕ್ರೇನಿನ ವಿಜ್ಞಾನ ಅಕಾಡೆಮಿ ಯಹೂದಿ ಧರ್ಮವನ್ನು ಹೀನಾಯವಾಗಿ ಚಿತ್ರಿಸಿದ ಪುಸ್ತಕವೊಂದನ್ನು ಹೊರತಂದಾಗ ಪತ್ರಿಕೆ ಪ್ರತಿಭಟಿಸಿತು. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವಿನ 1967ರ ಯುದ್ಧದ ವಿಷಯದಲ್ಲಿ ಸೋವಿಯತ್ ನಿಲುವನ್ನು ಒಪ್ಪಲಿಲ್ಲ. ಮರುವರ್ಷ ಪೋಲೆಂಡ್ ಸರ್ಕಾರ ಯಹೂದಿಗಳ ಬೆನ್ನು ಹತ್ತಿದಾಗಲೂ ಸುಮ್ಮನಿರಲಿಲ್ಲ. 1970ರ ದಶಕದ ಆರಂಭದಲ್ಲಿ ಪಕ್ಷ ನೋವಿಕ್‌ರನ್ನು ಉಚ್ಚಾಟಿಸಿತು. ಸಮಾಜವಾದದ ಮೇಲಿನ ನಂಬಿಕೆಯನ್ನು ಅವರು ಬಿಡಲಿಲ್ಲ. ಇಸ್ರೇಲ್ ಬದುಕಬೇಕು, ಪ್ಯಾಲೆಸ್ಟೈನ್ ಅರಬ್ಬರಿಗೂ ನ್ಯಾಯ ಸಿಗಬೇಕು ಎಂಬ ನಿಲುವಿಗೆ ಪತ್ರಿಕೆ ಬಂದು ನಿಂತಿತು. 1929ರ ಆಗಸ್ಟ್‌ನ ಮೊದಲ ದಿನಗಳಲ್ಲಿ ಅದೇ ಸುದ್ದಿಮನೆ ಅರೆಬರೆಯಾಗಿ ಹೇಳಹೊರಟು ನುಂಗಿಕೊಂಡಿದ್ದ ಮಾತಿಗೆ ಇದು ಬಹಳ ಹತ್ತಿರದ್ದು.

ಆ ಹೊತ್ತಿಗೆ ಕೇಳುವವರು ತೀರ ಕಡಿಮೆಯಾಗಿದ್ದರು. ಯುರೋಪಿನಲ್ಲಿ ಯಿಡ್ಡಿಷ್ ಆಡುವವರನ್ನು ನಾತ್ಸಿಗಳು ಕೊಂದಿದ್ದರು. ಅಮೆರಿಕದಲ್ಲಿ ಓದುಗರ ಮಕ್ಕಳು ಇಂಗ್ಲಿಷಿಗೆ ಹೋಗಿದ್ದರು. ದಿನಪತ್ರಿಕೆಯಾಗಿದ್ದದ್ದು ಮೆಲ್ಲಗೆ ವಾರಪತ್ರಿಕೆಯಾಯಿತು. ಪ್ರತಿ ಆಗಸ್ಟ್ 12 ಬಂದಾಗ ಕೊಲೆಯಾದ ಲೇಖಕರನ್ನು ನೆನೆಯುವ ಸಭೆಗಳು ನ್ಯೂಯಾರ್ಕ್‌ನಲ್ಲಿ ನಡೆಯುತ್ತಿದ್ದವು. 1988ರ ಸೆಪ್ಟೆಂಬರ್‌ನಲ್ಲಿ ‘ಮೊರ್ಗನ್ ಫ್ರೈಹೈಟ್’ನ ಕೊನೆಯ ಸಂಚಿಕೆ ಹೊರಬಂತು. 1891ರಲ್ಲಿ ಬ್ರೆಸ್ಟ್-ಲಿಟೊವ್ಸ್ಕ್‌ನಲ್ಲಿ ಹುಟ್ಟಿದ್ದ ಪಾಲ್ ನೋವಿಕ್ ಆಗಲೂ ಅದರ ಸಂಪಾದಕರಾಗಿದ್ದರು. ಮುಂದಿನ ವರ್ಷದ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.